ಅಕ್ಕೋರ ಪಕ್ಕದಲ್ಲಿರೋ ಆ ಇನ್ನೊಬ್ರು

ನಮ್ಮ ಕುಮಟಾ, ಬಾಡದ ಕಡೆ ಅಂಗನವಾಡಿ ಟೀಚರ್‌ಗೆ ‘ಅಕ್ಕೋರು’ ಅಂತೀವಿ. ಅವರ ಜೊತೆ ಇನ್ನೊಬ್ರು ಇರ್ತಾರಲ್ಲ, ಅಡುಗೆ ಮಾಡಿ, ಮಕ್ಕಳ ಮೂಗು ಒರೆಸೋ ಸಹಾಯಕಿ? ಅವರು ಮುಂದೆ ಏನಾಗಬಹುದು ಅಂತ ಯಾವತ್ತಾದ್ರೂ ಯೋಚಿಸಿದ್ದೀರಾ?

ದಾರಿ ಇದೆ. ಕೇಂದ್ರದ 2022ರ ಪೋಷಣ್ 2.0 ಮಾರ್ಗಸೂಚಿ ಪ್ರಕಾರ ಕಾರ್ಯಕರ್ತೆಯರ ಹುದ್ದೆಗಳಲ್ಲಿ ಶೇ. 50ರಷ್ಟು, 5 ವರ್ಷ ದುಡಿದ ಸಹಾಯಕಿಯರಿಗೆ ಬಡ್ತಿಯಲ್ಲಿ ಸಿಗಬೇಕು. ಮೇಲ್ವಿಚಾರಕಿ ಹುದ್ದೆಗಳಲ್ಲೂ ಅರ್ಧ ಕಾರ್ಯಕರ್ತೆಯರಿಗೆ. ಆದ್ರೆ ಉಳಿದ ಅರ್ಹತೆಯೂ ಇರಬೇಕು. ತೊಡಕು ಅಲ್ಲೇ. ಕಾರ್ಯಕರ್ತೆ ಆಗೋಕೆ ಈಗ ಪಿಯುಸಿ ಬೇಕು.

ತರಬೇತಿ ಕೊಡ್ತಾರೆ, ಇಲ್ಲ ಅಂತಲ್ಲ. ಪೋಷಣ್ ಟ್ರ್ಯಾಕರ್ ಆ್ಯಪ್‌ನಲ್ಲಿ ಮಕ್ಕಳ ತೂಕ, ಎತ್ತರ ಹಾಕೋದು ಕಾರ್ಯಕರ್ತೆಯರಿಗೆ ಗೊತ್ತಿರಲೇಬೇಕು. ಆದ್ರೆ ಎಷ್ಟು ತರಬೇತಿಗೆ ಹೋಗಿಬಂದ್ರೂ ಪಿಯುಸಿ ಅಂಕಪಟ್ಟಿ ಬರಲ್ಲ. ಎಸ್ಸೆಸ್ಸೆಲ್ಸಿಗೇ ಓದು ನಿಲ್ಲಿಸಿದವರು 20 ವರ್ಷ ದುಡಿದ್ರೂ ಸಹಾಯಕಿಯೇ. ಇದು ನನಗೆ ಸರಿ ಕಾಣಲ್ಲ.

ನಿಮ್ಮ ಅಮ್ಮನೋ ಚಿಕ್ಕಮ್ಮನೋ ಈ ಕೆಲಸದಲ್ಲಿದ್ರೆ ಕೇಳಿ: ಪಿಯುಸಿನ ಖಾಸಗಿ ಅಭ್ಯರ್ಥಿಯಾಗಿ ಕಟ್ಟಬಹುದು. ಡಿಗ್ರಿಗೆ ಮೈಸೂರಿನ ಮುಕ್ತ ವಿಶ್ವವಿದ್ಯಾಲಯ ಇದೆ, ಕೆಲಸ ಬಿಡಬೇಕಿಲ್ಲ. ಅರ್ಜಿ ಎಲ್ಲಿ, ಕೊನೇ ದಿನ ಯಾವಾಗ ಅಂತ ಮೊಬೈಲ್‌ನಲ್ಲಿ ನೀವೇ ಹುಡುಕಿಕೊಡಿ. ಪಾಸಾದ್ಮೇಲೆ ಅಂಕಪಟ್ಟಿ ಪ್ರತಿನ ಸಿಡಿಪಿಓ ಆಫೀಸಿಗೆ ಪತ್ರದ ಜೊತೆ ಕೊಟ್ಟು, ಸ್ವೀಕೃತಿ ಇಸ್ಕೊಳ್ಳಿ. ಬಾಯಲ್ಲಿ ಹೇಳಿ ಬಂದ್ರೆ ಸಾಲಲ್ಲ.