ಎಳೆಯರ ಓಟ, ಹಳಬರ ಲೆಕ್ಕ
(ಯುವ ಸದಸ್ಯರ ಕ್ರೀಡಾಕೂಟದ ಸಮಾರೋಪದಲ್ಲಿ ನೀಡಿದ ಉಪನ್ಯಾಸ)



ಕಬಡ್ಡಿಯಲ್ಲಿ ಸೋತ ತಂಡದ ಹುಡುಗನೊಬ್ಬ ಈಗತಾನೇ ನನ್ನ ಬಳಿ ಬಂದು, "ಸಾರ್, ಮುಂದಿನ ವರ್ಷ ವಯಸ್ಸಾದವರನ್ನೆಲ್ಲ ಬಿಟ್ಟು ನಾವೇ ಆಡ್ತೀವಿ" ಎಂದ. ಅವನಿಗೆ ಉತ್ತರವಾಗಿ ಆಸ್ಟ್ರೇಲಿಯಾದ ಒಂದು ತಂಡದ ಕಥೆ ಹೇಳುತ್ತೇನೆ.

ಅಲ್ಲಿ ರಗ್ಬಿ ಲೀಗ್ ಎಂಬ ಆಟವಿದೆ. ಒಂದೊಂದು ಕಡೆ 13 ಜನ. ಮೊಟ್ಟೆಯಾಕಾರದ ಚೆಂಡನ್ನು ಹಿಡಿದು ಎದುರಾಳಿಗಳ ನಡುವೆ ನುಗ್ಗಿ, ಗೆರೆಯಾಚೆ ನೆಲಕ್ಕೆ ಮುಟ್ಟಿಸಿದರೆ 4 ಅಂಕ. ಕೈಯಿಂದ ಚೆಂಡನ್ನು ಮುಂದಕ್ಕೆ ಎಸೆಯುವಂತಿಲ್ಲ. ಹಿಡಿದು ಕೆಡವುವುದು ನಮ್ಮ ಕಬಡ್ಡಿಯಂತೆಯೇ.

ಸಿಡ್ನಿಯ ಪಶ್ಚಿಮಕ್ಕೆ ಪೆನ್ರಿತ್ ಎಂಬ ಊರು. ಅಲ್ಲಿನ ಪ್ಯಾಂಥರ್ಸ್ ತಂಡ 1967ರಲ್ಲಿ ದೊಡ್ಡ ಪಂದ್ಯಾವಳಿಗೆ ಸೇರಿತು. ಮೊದಲ ಪ್ರಶಸ್ತಿಗೆ 1991ರವರೆಗೆ ಕಾಯಬೇಕಾಯಿತು. 2001ರಲ್ಲಿ 14 ತಂಡಗಳ ಪೈಕಿ ಕಟ್ಟಕಡೆಯ ಸ್ಥಾನಕ್ಕೆ ಬಿತ್ತು. ಕೊನೆಗೆ ಉಳಿದ ತಂಡಕ್ಕೆ 'ಮರದ ಸೌಟು' ಸಿಕ್ಕಿತೆಂದು ಅಲ್ಲಿ ಹಾಸ್ಯ ಮಾಡುತ್ತಾರೆ. ಆ ಅವಮಾನದ ವರ್ಷದಲ್ಲೇ ಲೂಕ್ ಲೂಯಿಸ್ ಎಂಬ ಹದಿಹರೆಯದ ಹುಡುಗ ಮೊದಲ ಸಲ ಕಣಕ್ಕಿಳಿದ. ಅವನ ಹೆಸರು ನೆನಪಿಡಿ.

2002ರಲ್ಲಿ ಜಾನ್ ಲ್ಯಾಂಗ್ ತರಬೇತುದಾರರಾಗಿ ಬಂದರು. ಆ ವರ್ಷ ತಂಡ ಬಂದದ್ದು 12ನೇ ಸ್ಥಾನಕ್ಕೆ ಮಾತ್ರ. ಆದರೆ ಒಳಗೆ ಕೆಲಸ ನಡೆದಿತ್ತು. ಲೂಯಿಸ್, ರೂನಿ ಮುಂತಾದ ಎಳೆಯರನ್ನು ಕೈಬಿಡಲಿಲ್ಲ. ಅವರ ಪಕ್ಕದಲ್ಲಿ ಗರ್ಡ್ಲರ್, ಸ್ಯಾಟ್ಲರ್ ಅವರಂಥ ಹಳಬರು ಇದ್ದರು. ಬ್ರಿಸ್ಬೇನ್ ತಂಡದಲ್ಲಿ ಪ್ರಶಸ್ತಿ ಗೆದ್ದ ಅನುಭವವಿದ್ದ ಪ್ರಿಡ್ಡಿಸ್, ಮರುವರ್ಷ ಪ್ರೆಸ್ಟನ್ ಕ್ಯಾಂಪ್‌ಬೆಲ್ ಬಂದು ಸೇರಿದರು.

ಬಾಂಧವರೇ, ಹೊಸ ಹೋರಿಯನ್ನು ಪಳಗಿಸುವಾಗ ಇನ್ನೊಂದು ಹೊಸ ಹೋರಿಯ ಜೊತೆ ನೊಗಕ್ಕೆ ಕಟ್ಟುತ್ತೀರಾ? ಇಲ್ಲ. ಪಳಗಿದ ಎತ್ತಿನ ಜೊತೆ ಕಟ್ಟುತ್ತೀರಿ. ಪೆನ್ರಿತ್‌ನವರು ಮಾಡಿದ್ದೂ ಇದನ್ನೇ.

2003ರಲ್ಲಿ ಅದೇ ತಂಡ ಅಂಕಪಟ್ಟಿಯ ಮೇಲ್ತುದಿಗೆ ಏರಿತು. ಅಂತಿಮ ಪಂದ್ಯ ಹಿಂದಿನ ವರ್ಷದ ವಿಜೇತ ಸಿಡ್ನಿ ರೂಸ್ಟರ್ಸ್ ವಿರುದ್ಧ. ದ್ವಿತೀಯಾರ್ಧದಲ್ಲಿ ರೂಸ್ಟರ್ಸ್‌ನ ಟಾಡ್ ಬರ್ನ್ ಎಂಬ ಚುರುಕು ಓಟಗಾರ ಗೆರೆಯ ಪಕ್ಕದಲ್ಲೇ ತಪ್ಪಿಸಿಕೊಂಡು ಓಡಿದ. ಮುಂದೆ ಯಾರೂ ಇರಲಿಲ್ಲ. ಆಗ 31 ವರ್ಷದ ಸ್ಯಾಟ್ಲರ್ ಮೈದಾನಕ್ಕೆ ಅಡ್ಡವಾಗಿ ಓಡಿ ಬಂದು, ಅವನನ್ನು ಗೆರೆಯಾಚೆಗೆ ಕೆಡವಿದರು. ಓಟದಲ್ಲಿ ಅವರು ಬರ್ನ್‌ಗೆ ಸಮನಲ್ಲ; ಆದರೆ ಎಲ್ಲಿ ಹೋಗಿ ಸೇರಬೇಕೆಂಬ ಲೆಕ್ಕ ತಪ್ಪಲಿಲ್ಲ. ಇತ್ತ 20 ವರ್ಷದ ರೂನಿ ಎರಡು ಸಲ ಗೆರೆ ದಾಟಿದ. ಪೆನ್ರಿತ್ 18–6ರಿಂದ ಗೆದ್ದಿತು. ಪಂದ್ಯದ ಶ್ರೇಷ್ಠ ಆಟಗಾರನ ಪದಕ ಪ್ರಿಡ್ಡಿಸ್ ಅವರಿಗೆ ಬಂತು. ಒಬ್ಬರು ತಡೆದರು, ಒಬ್ಬರು ಗಳಿಸಿದರು. ಯಾರನ್ನು ಬಿಡುತ್ತೀರಿ?

ಕಥೆ ಇಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. 2007ರಲ್ಲಿ ಪೆನ್ರಿತ್ ಮತ್ತೆ ಕಟ್ಟಕಡೆಗೆ ಬಿತ್ತು. ಅಷ್ಟರಲ್ಲಿ ಸ್ಯಾಟ್ಲರ್, ಗರ್ಡ್ಲರ್, ಕ್ಯಾಂಪ್‌ಬೆಲ್ ಇರಲಿಲ್ಲ. ಲ್ಯಾಂಗ್ ಕೂಡ ಹೋಗಿದ್ದರು. ಒಮ್ಮೆ ಕಟ್ಟಿದ ತಂಡ ಶಾಶ್ವತವಲ್ಲ. ಒಂದು ಹಸು ಹಾಲು ಕೊಡುತ್ತಿರುವಾಗಲೇ ಕರುವನ್ನು ನೋಡಿಕೊಳ್ಳುವವನೇ ಜಾಣ.

ಆ ಪಾಠವನ್ನು ಕ್ಲಬ್ ಮುಂದೆ ಕಲಿತಿತು. ಊರ ಸುತ್ತಲಿನ ಮಕ್ಕಳ ತಂಡಗಳ ಮೇಲೆ ವರ್ಷಗಟ್ಟಲೆ ಶ್ರಮ ಹಾಕಿತು. ನೇಥನ್ ಕ್ಲಿಯರಿ, ಜರೋಮ್ ಲುವಾಯಿ, ಬ್ರಯನ್ ಟೊಓ ಹೀಗೆ ಬೆಳೆದು ಬಂದವರು. 2014ರಿಂದಲೇ ತಂಡದಲ್ಲಿದ್ದ ಐಸಾಯಾ ಯೋ ಅವರ ಜೊತೆಗಿದ್ದರು. 2021ರಿಂದ 2024ರವರೆಗೆ ಸತತ ನಾಲ್ಕು ವರ್ಷ ಪ್ರಶಸ್ತಿ ಪೆನ್ರಿತ್‌ಗೇ ಬಂತು.

ನೆನಪಿಡಿ ಎಂದೆನಲ್ಲ, ಆ ಲೂಯಿಸ್ ಏನಾದ? 2013ರಲ್ಲಿ ಕ್ರೋನುಲ್ಲಾ ತಂಡ ಸೇರಿದ. ಅದೂ 1967ರಲ್ಲೇ ಪ್ರವೇಶಿಸಿದ ತಂಡ. ಆದರೆ ಒಮ್ಮೆಯೂ ಪ್ರಶಸ್ತಿ ಕಂಡಿರಲಿಲ್ಲ. 2016ರಲ್ಲಿ ಅದು ಮೊದಲ ಬಾರಿಗೆ ಗೆದ್ದಾಗ, ಅಂತಿಮ ಪಂದ್ಯದ ಶ್ರೇಷ್ಠ ಆಟಗಾರನ ಪದಕ ಪಡೆದವನು 33 ವರ್ಷದ ಇದೇ ಲೂಯಿಸ್. ಮರದ ಸೌಟಿನ ವರ್ಷದ ಎಳೆಯ, ಇನ್ನೊಂದು ತಂಡಕ್ಕೆ ಹಿರಿಯನಾಗಿದ್ದ.

ಆದ್ದರಿಂದ, ಮಗೂ, ಮುಂದಿನ ವರ್ಷ ಹಳಬರನ್ನು ಬಿಡಬೇಡ. ಪಕ್ಕದಲ್ಲಿ ನಿಲ್ಲಿಸಿಕೊಂಡು ಕಲಿ. ಹಿರಿಯರೇ, ನೀವೂ ಅವನನ್ನು ಹೊರಗೆ ಕೂರಿಸಬೇಡಿ. ಸೋತರೂ ಆಡಲು ಬಿಡಿ. ನಾಳೆ ನಿಮ್ಮ ಜಾಗದಲ್ಲಿ ನಿಲ್ಲಬೇಕಾದವನು ಅವನೇ.