ಅಪ್ರಮಾದವೂ ವ್ಯಾಪಾರಧರ್ಮವೂ

(ಪಂಚಕಲ್ಯಾಣ ಮಹೋತ್ಸವದ ಧಾರ್ಮಿಕ ಸಭೆಯಲ್ಲಿ ಮಾಡಿದ ಭಾಷಣ)



ತಕ್ಕಡಿ ಹಿಡಿದು ಬಾಳಿದವನು ನಾನು, ಶಾಸ್ತ್ರವನ್ನು ಬಲ್ಲವನಲ್ಲ. ಆದರೂ ವ್ಯವಸ್ಥಾಪಕರ ಒತ್ತಾಯಕ್ಕೆ ಮಣಿದು, ನನಗೆ ತಿಳಿದ ಒಂದು ವಿಷಯವನ್ನು ಮಾತ್ರ ನಿವೇದಿಸಿಕೊಳ್ಳುತ್ತೇನೆ.

ಎಚ್ಚರವಿಲ್ಲದಿರುವುದನ್ನು ಲೋಕವು ಸಣ್ಣ ತಪ್ಪೆಂದು ಕ್ಷಮಿಸುತ್ತದೆ. ನಮ್ಮ ಆಚಾರ್ಯರು ಕ್ಷಮಿಸಲಿಲ್ಲ. ಉಮಾಸ್ವಾಮಿಗಳು ತತ್ವಾರ್ಥಸೂತ್ರದಲ್ಲಿ ಕರ್ಮಬಂಧಕ್ಕೆ ಹೇಳಿದ ಐದು ಕಾರಣಗಳಲ್ಲಿ ಪ್ರಮಾದವೂ ಒಂದು. ಹಿಂಸೆಯ ಲಕ್ಷಣವನ್ನು ಹೇಳುವಾಗಲೂ ಅವರು ಮೊದಲು ಇರಿಸಿದ್ದು ಪ್ರಮತ್ತಯೋಗವನ್ನೇ. ಮುನಿಗಳು ಮುಂದಿನ ನಾಲ್ಕು ಮೊಳ ನೆಲವನ್ನು ನೋಡಿ ಹೆಜ್ಜೆಯಿಡುವುದು ಈರ್ಯಾಸಮಿತಿ. ಪಿಂಛಿ ಕಮಂಡಲುಗಳನ್ನು ನೋಡಿ ಎತ್ತಿ, ನೋಡಿ ಇಡುವುದು ಆದಾನನಿಕ್ಷೇಪಣಸಮಿತಿ. ದಿನಕ್ಕೆ ನೂರು ಸಲ ತೂಕದ ಕಲ್ಲನ್ನು ಎತ್ತಿ ಇಡುವ ನಮಗೆ ಇದು ಸಂಬಂಧಿಸಿದ್ದಲ್ಲವೆಂದು ನಾನು ಬಹುಕಾಲ ತಿಳಿದಿದ್ದೆ.

1989ರ ಮಾತು. ನನ್ನ ತೀರ್ಥರೂಪರ ಅಂಗಡಿಯಲ್ಲಿ ಕಾಳುಮೆಣಸನ್ನು ಕೊಳ್ಳುವ ಕೆಲಸ ನನ್ನ ಪಾಲಿನದು. ಒಂದು ದಿನ ವೃದ್ಧೆಯೊಬ್ಬಳು, "ಸಣ್ಣ ಧನಿಗಳೇ, ಮನೆಯಲ್ಲಿ ಅಳೆದು ತಂದದ್ದಕ್ಕೂ ಇಲ್ಲಿಯ ತೂಕಕ್ಕೂ ಹೊಂದುವುದಿಲ್ಲ" ಎಂದಳು. "ಬಿಸಿಲಿಗೆ ಒಣಗಿ ಇಳಿದಿರಬೇಕು ಅಜ್ಜಿ" ಎಂದು, ತಲೆಯೆತ್ತಿಯೂ ನೋಡದೆ ಉತ್ತರಿಸಿದೆ. ಮೆಣಸು ಒಣಗಿದಂತೆ ತೂಕ ಇಳಿಯುವುದು ನಿಜವೇ. ಆದುದರಿಂದ ಆ ಉತ್ತರವು ನಾಲಗೆಯ ತುದಿಯಲ್ಲಿ ಸದಾ ಸಿದ್ಧವಾಗಿರುತ್ತಿತ್ತು.

ಒಳಗಿದ್ದ ತೀರ್ಥರೂಪರು ಎದ್ದು ಬಂದರು. ಎರಡು ತಟ್ಟೆಗಳನ್ನೂ ಬರಿದುಮಾಡಿ ತಕ್ಕಡಿಯನ್ನು ಎತ್ತಿ ಹಿಡಿದರು. ಮುಳ್ಳು ನಡುವೆ ನಿಲ್ಲಲಿಲ್ಲ. ಕಲ್ಲಿಡುವ ತಟ್ಟೆಯನ್ನು ಮಗುಚಿ ನೋಡಿದರೆ, ಅಡಿಯಲ್ಲಿ ಬೆಲ್ಲದ ಪಾಕಕ್ಕೆ ಧೂಳು ಮೆತ್ತಿ ಕಲ್ಲಿನಂತಾಗಿತ್ತು. ಕೆತ್ತಿ ತೂಗಿದಾಗ ಅದು 40 ಗ್ರಾಂ. ಪ್ರತಿ ತೂಕಕ್ಕೂ ಬೆಳೆಗಾರನ 40 ಗ್ರಾಂ ಮೆಣಸು ನಮ್ಮ ಚೀಲಕ್ಕೆ ಸೇರುತ್ತಿತ್ತು. ನಾನು ಬೇಕೆಂದು ಮಾಡಿದ್ದಲ್ಲವೆಂದು ವಾದಿಸಿದೆ. ಮಾರುವಾಗ ಅಷ್ಟೇ ಸಾಮಾನು ಗಿರಾಕಿಗೆ ಹೆಚ್ಚಾಗಿ ಹೋಗಿರುವುದರಿಂದ ಲೆಕ್ಕವು ಸರಿಹೋಯಿತೆಂದೂ ಹೇಳಿದೆ. ಅವರೆಂದರು: "ಕೊಂಡವನು ಬೇರೆ, ಕೊಟ್ಟವನು ಬೇರೆ. ಇವಳ ಮೆಣಸನ್ನು ಅವನಿಗೆ ದಾನ ಮಾಡಲು ನೀನು ಯಾರು?"

ಅಚೌರ್ಯಾಣುವ್ರತದ ಐದು ಅತಿಚಾರಗಳಲ್ಲಿ ಹೀನಾಧಿಕ ಮಾನೋನ್ಮಾನವೆಂಬುದೊಂದಿದೆಯಷ್ಟೆ. ತೂಕದಲ್ಲಿ ವಂಚಿಸುವವರಿಗಾಗಿ ಅದನ್ನು ಹೇಳಿದ್ದಾರೆಂದು ಪಾಠಶಾಲೆಯಲ್ಲಿ ಬಾಯಿಪಾಠ ಮಾಡಿದ್ದೆ. ನನ್ನ ಕೈಯಲ್ಲಿಯೇ ಅದು ಇದ್ದುದನ್ನು ಕಾಣಲು ಓದುಬರಹವಿಲ್ಲದ ಮುದುಕಿಯೊಬ್ಬಳು ಬರಬೇಕಾಯಿತು.

ದೀಪಾವಳಿಗೆ ತಕ್ಕಡಿ ತೊಳೆದಿದ್ದೆವು. ಅಂದಿನಿಂದ ಖರೀದಿ ಪುಸ್ತಕದಲ್ಲಿದ್ದ ಪ್ರತಿ ಹೆಸರಿಗೂ ಪ್ರತಿ ತೂಕಕ್ಕೂ ಲೆಕ್ಕ ಹಾಕಿ ಹಣ ಹಿಂದಿರುಗಿಸಬೇಕೆಂದು ಅಪ್ಪಣೆಯಾಯಿತು. ಸೈಕಲ್ಲಿನಲ್ಲಿ ಮನೆಮನೆಗೆ ನಾನೇ ಹೋದೆ. ಕೆಲವರು ನಕ್ಕರು; ಒಬ್ಬರು, ಹಾಗಾದರೆ ಹಿಂದಿನ ವರ್ಷದ್ದು ಎಷ್ಟೆಂದು ಕೇಳಿದರು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಅಲ್ಲಿಂದೀಚೆಗೆ ಬೆಳಿಗ್ಗೆ ಬರಿದಾದ ತಕ್ಕಡಿಯನ್ನು ನೋಡದೆ ನಾನು ವ್ಯಾಪಾರ ಆರಂಭಿಸಿಲ್ಲ. ಈಗಿನ ವಿದ್ಯುತ್ ತಕ್ಕಡಿಯಲ್ಲಿಯೂ ಸೊನ್ನೆಯನ್ನು ನೋಡಿಯೇ ಚೀಲವನ್ನಿಡುತ್ತೇವೆ. ನೋಡುವ ಅಭ್ಯಾಸವಾದ ಮೇಲೆ ಬೇರೆ ಸಂಗತಿಗಳೂ ಕಾಣತೊಡಗಿದವು: ಅಂಗೈಯಲ್ಲಿ ಕುಲುಕಿದ ಮೆಣಸಿನ ಸದ್ದಿನಲ್ಲಿ ಹಸಿ ಒಣಗು ತಿಳಿಯುತ್ತದೆ, ಚೀಲದ ಬಾಯಿ ಬಿಚ್ಚುವಾಗಿನ ವಾಸನೆಯಲ್ಲಿ ಬೂಷ್ಟಿನ ಸುಳಿವು ಸಿಗುತ್ತದೆ. ದಾಸ್ತಾನು ಕೆಟ್ಟು ಆಗುತ್ತಿದ್ದ ನಷ್ಟ ಬಹಳ ಇಳಿಯಿತು. ಆ ಬೆಳೆಗಾರರ ಮಕ್ಕಳೂ ನಮ್ಮ ಅಂಗಡಿಗೇ ಬರುತ್ತಿದ್ದಾರೆ.

ಸಾಮಾಯಿಕದ ವಿಷಯದಲ್ಲಿ ಮಾತ್ರ ಹೆಮ್ಮೆಪಡುವಂತಿಲ್ಲ. ಎರಡು ಗಳಿಗೆ, ಎಂದರೆ 48 ನಿಮಿಷ ಕುಳಿತರೆ, ಪಾಠ ಎಲ್ಲಿಗೆ ಬಂದಿತೆಂಬುದೇ ಮರೆತು ಮನಸ್ಸು ಪೇಟೆಯ ಧಾರಣೆಯನ್ನು ಎಣಿಸುತ್ತಿರುತ್ತದೆ. ಸ್ಮೃತ್ಯನುಪಸ್ಥಾನವೆಂದು ಇದಕ್ಕೂ ಹೆಸರಿಟ್ಟಿದ್ದಾರೆ. ಹೆಸರು ತಿಳಿದುದರಿಂದ, ಮನಸ್ಸು ಹೋದದ್ದಾದರೂ ಈಗ ಬೇಗ ತಿಳಿಯುತ್ತದೆ.

ಅಂದು ಹಣ ಹಂಚುವಾಗ ಮೂವರು ಸಿಗಲಿಲ್ಲ. ಘಟ್ಟದ ಮೇಲೆ ಕೆಲಸಕ್ಕೆ ಹೋದವರೆಂದು ತಿಳಿಯಿತು. ಇಬ್ಬರದು ಮುಂದೆ ಸಂದಾಯವಾಯಿತು. ಒಂದು ಹೆಸರು ಇಂದಿಗೂ ಉಳಿದಿದೆ. ಪ್ರತಿ ದೀಪಾವಳಿಯಂದು ಹೊಸ ಪುಸ್ತಕದ ಮೊದಲನೆಯ ಪುಟದಲ್ಲಿ, ತೀರ್ಥರೂಪರು ಬರೆಯುತ್ತಿದ್ದಂತೆಯೇ, ಆ ಬಾಕಿಯನ್ನು ಮೊದಲು ಬರೆದುಕೊಳ್ಳುತ್ತೇನೆ.

ಜೈ ಜಿನೇಂದ್ರ.