ಗುಡಾರ ಕಲಿಸಿದ ಪಾಠ

(ಶತಮಾನೋತ್ಸವದ ಸಮಾರೋಪ ಸಭೆಯಲ್ಲಿ ಧರ್ಮಕೇಂದ್ರದ ಗುರುಗಳು ಮಾಡಿದ ಭಾಷಣ)



ನಮ್ಮ ಪೂರ್ವಿಕರು ಬೆವರು ಸುರಿಸಿ ಕಟ್ಟಿದ ಈ ಕಲ್ಲಿನ ದೇವಾಲಯಕ್ಕೆ ನೂರು ವರ್ಷ ತುಂಬಿದ ಶುಭ ಸಂಜೆಯಲ್ಲಿ ನಾವು ಬಟ್ಟೆಯ ಗುಡಾರದ ಮಾತನ್ನೆತ್ತಿದರೆ ತಮಗೆ ಸೋಜಿಗವಾದೀತು. ಆದರೆ ದೇವಾಲಯಕ್ಕೆ ಬಾಗಿಲು ಏತಕ್ಕಿದೆ ಎಂಬುದನ್ನು ನಮಗೆ ಕಲಿಸಿದ್ದು ಗುಡಾರವೇ.

೧೯೯೭ರ ಬೇಸಿಗೆ. ಆಗ ನಾವು ರೋಮ್ ನಗರದಲ್ಲಿ ವ್ಯಾಸಂಗ ಮಾಡುತ್ತಿದ್ದೆವು. ರಜೆಯಲ್ಲಿ ಮೂವರು ಭಾರತೀಯ ಗುರುಗಳೊಡನೆ ರಸ್ತೆಯ ಮಾರ್ಗವಾಗಿ ಪೋರ್ಚುಗಲ್ಲಿನ ಫಾತಿಮಾವರೆಗೆ ಯಾತ್ರೆ ಮಾಡುವ ಮನಸ್ಸಾಯಿತು. ವಸತಿಗೃಹಗಳಿಗೆ ತೆರಲು ಹಣವಿರಲಿಲ್ಲ. ಹಳೆಯ ವ್ಯಾನೊಂದನ್ನು ಎರವಲು ಪಡೆದು, ಎರಡು ಗುಡಾರ, ಒಂದು ಗ್ಯಾಸ್ ಒಲೆ, ಅಕ್ಕಿ, ಬೇಳೆ, ಉಪ್ಪಿನಕಾಯಿ ಹೇರಿಕೊಂಡು ಹೊರಟೆವು. ಯೂರೋ ಇನ್ನೂ ಬಂದಿರಲಿಲ್ಲ. ಲೀರಾ, ಫ್ರಾಂಕ್, ಪೆಸೆಟಾ, ಎಸ್ಕುಡೊಗಳಿಗೆಂದು ನಾಲ್ಕು ಡಬ್ಬಿಗಳನ್ನಿಟ್ಟುಕೊಂಡಿದ್ದೆವು.

ಮೊದಲ ರಾತ್ರಿ ಅಸ್ಸಿಸಿಯ ಬಯಲಿನಲ್ಲಿ ಗೂಟ ಹೊಡೆದೆವು. ಅಲ್ಲಿನ ಮಹಾದೇವಾಲಯವೊಂದರ ಗುಮ್ಮಟದ ಕೆಳಗೆ ಪೊರ್ಸಿಯುಂಕೊಲಾ ಎಂಬ ಪುಟ್ಟ ಪ್ರಾರ್ಥನಾಲಯವಿದೆ. ಸಂತ ಫ್ರಾನ್ಸಿಸರೂ ಅವರ ಸಂಗಡಿಗರೂ ಅದರ ಸುತ್ತ ಗುಡಿಸಲುಗಳಲ್ಲಿ ಬಾಳಿದರು. ಬೆಟ್ಟದ ಮೇಲೆ ಅವರ ಸಮಾಧಿಯಿರುವ ದೇವಾಲಯಕ್ಕೂ ಹೋಗಿ, ಅದರ ಚಿತ್ರಿತ ಚಾವಣಿಯನ್ನು ಕತ್ತೆತ್ತಿ ನೋಡಿದೆವು. ಎರಡೇ ತಿಂಗಳಲ್ಲಿ, ಸೆಪ್ಟೆಂಬರ್ ೨೬ರ ಭೂಕಂಪದಲ್ಲಿ, ಆ ಚಾವಣಿಯ ಭಾಗ ಕುಸಿದು ನಾಲ್ವರು ಮೃತರಾದರು. ಕಲ್ಲೂ ಶಾಶ್ವತವಲ್ಲ.

ಜೆನೋವಾದ ಕಡಲ ದಂಡೆ ಹಿಡಿದು ಫ್ರಾನ್ಸನ್ನು ಹೊಕ್ಕು, ರೋನ್ ನದಿ ಸಮುದ್ರ ಸೇರುವ ಕಮಾರ್ಗ್ ಎಂಬ ಜೌಗು ಸೀಮೆಗೆ ಬಂದೆವು. ಅಲ್ಲಿನ ಸೇಂತ್ ಮರೀ ದ ಲಾ ಮೇರ್ ಎಂಬ ಊರಿನಲ್ಲಿ ಕೋಟೆಯಂತಹ ದೇವಾಲಯವಿದೆ. ಅದರ ನೆಲಮಾಳಿಗೆಯಲ್ಲಿ ಸಾರಾ ಎಂಬಾಕೆಯ ಕಪ್ಪು ಪ್ರತಿಮೆ. ರೋಮಾ ಜನರು ಆಕೆಯನ್ನು ತಮ್ಮ ಪಾಲಕಿಯೆಂದು ಭಾವಿಸಿ, ಪ್ರತಿವರ್ಷ ಮೇ ೨೪ರಂದು ಆ ಪ್ರತಿಮೆಯನ್ನು ಹೊತ್ತು ಕಡಲಿಗಿಳಿಯುತ್ತಾರೆ. ಶತಮಾನಗಳಿಂದ ಯುರೋಪಿನಲ್ಲಿ ಊರೂರುಗಳಿಂದ ಅಟ್ಟಿಸಿಕೊಂಡು ಬಾಳಿದ ಜನ ಇವರು.

ಅಂದು ಸಂಜೆ ಮಿಸ್ತ್ರಾಲ್ ಎಂಬ ಉತ್ತರದ ಗಾಳಿ ಬೀಸತೊಡಗಿತ್ತು. ಗುಡಾರ ಹೂಡುವ ಮೈದಾನವೊಂದಕ್ಕೆ ಹೋಗಿ ಸ್ಥಳ ಕೇಳಿದೆವು. ಬಾಗಿಲಲ್ಲಿದ್ದಾತ ನಮ್ಮ ಮುಖಗಳನ್ನೂ ಹಳೆಯ ವ್ಯಾನನ್ನೂ ನೋಡಿ, "ಸ್ಥಳವಿಲ್ಲ" ಎಂದ. ಅವನ ಬೆನ್ನ ಹಿಂದೆ ಅರ್ಧ ಮೈದಾನ ಬರಿದಾಗಿತ್ತು. ನಮ್ಮ ಹಿಂದೆ ಬಂದ ಕಾರನ್ನು ಒಳಗೆ ಬಿಟ್ಟ. ಆತ ನಮ್ಮನ್ನು ರೋಮಾ ಜನರೆಂದು ತಿಳಿದಿದ್ದನೆಂಬುದು, ಅವನು ಗೊಣಗಿದ ಮಾತಿನಿಂದ, ಫ್ರೆಂಚ್ ಬಲ್ಲ ನಮ್ಮ ಸಂಗಡಿಗರಿಗೆ ತಿಳಿಯಿತು. "ಗುರುಗಳೆಂಬ ಗುರುತಿನ ಚೀಟಿ ತೋರಿಸೋಣವೇ?" ಎಂದು ನಾವು ಕೇಳಿದೆವು. ನಮ್ಮಲ್ಲಿ ಹಿರಿಯರಾದವರು, "ಬೇಡ ಫಾದರ್, ಆ ಚೀಟಿಯಿಲ್ಲದವರು ಏನು ಮಾಡುತ್ತಾರೆ?" ಎಂದರು.

ಕತ್ತಲಾಗುವ ಹೊತ್ತಿಗೆ ರಸ್ತೆಯ ಬದಿಯಲ್ಲಿ ಮನೆಗಾಡಿಗಳನ್ನು ನಿಲ್ಲಿಸಿಕೊಂಡಿದ್ದ ರೋಮಾ ಕುಟುಂಬವೊಂದು ನಮ್ಮನ್ನು ಕರೆಯಿತು. ಗಾಳಿಗೆ ಹಾರುತ್ತಿದ್ದ ಗುಡಾರವನ್ನು ಹುಡುಗರು ಹಿಡಿದು, ತಮ್ಮ ಗಾಡಿಯ ಮರೆಯಲ್ಲಿ ಬಿಗಿದುಕೊಟ್ಟರು. ಮುದುಕಿಯೊಬ್ಬಳು ತಂಬಿಗೆಯಂತಹ ಪಾತ್ರೆ ನೀಡಿ "ಪಾನಿ" ಎಂದಳು. ನಾವು ಬೆರಗಾದೆವು. ಐದಕ್ಕೆ ಅವರು "ಪಾಂಜ್" ಎನ್ನುತ್ತಾರೆ; ನಮ್ಮ ಪಂಚವೇ ಅದು. ಅವರ ಪೂರ್ವಿಕರು ಸುಮಾರು ಸಾವಿರ ವರ್ಷಗಳ ಹಿಂದೆ ಭಾರತದಿಂದ ಹೊರಟವರೆಂಬುದಕ್ಕೆ ಅವರ ಭಾಷೆಯೇ ಸಾಕ್ಷಿ. ಬಾಗಿಲಲ್ಲಿದ್ದಾತ ತಪ್ಪು ತಿಳಿದಿದ್ದರೂ ನೆಂಟಸ್ತಿಕೆಯನ್ನು ಸರಿಯಾಗಿಯೇ ಗುರುತಿಸಿದ್ದ!

ಆ ರಾತ್ರಿ ನಮಗೆ ನಿದ್ದೆ ಬರಲಿಲ್ಲ. ಗುರುದೀಕ್ಷೆ ಹೊಂದಿದ ಹೊಸದರಲ್ಲಿ ನಾವು ಬೇರೊಂದು ಧರ್ಮಕೇಂದ್ರದಲ್ಲಿ ಸಹಾಯಕ ಗುರುಗಳಾಗಿದ್ದೆವು. ಮಳೆಗಾಲದ ಒಂದು ಸಂಜೆ, ಎತ್ತಿನ ಗಾಡಿಗಳಲ್ಲಿ ಬಂದ ಅಲೆಮಾರಿ ಕಮ್ಮಾರರು ರಾತ್ರಿ ಕಳೆಯಲು ದೇವಾಲಯದ ಜಗಲಿ ಕೇಳಿದರು. ಅವರ ಹೆಂಗಸರ ಕಂಕುಳಲ್ಲಿ ಕೂಸುಗಳಿದ್ದವು. ಕಳ್ಳತನದ ಭಯದಿಂದ ನಾವು "ಸ್ಥಳವಿಲ್ಲ" ಎಂದು ಹೇಳಿ ಗೇಟಿಗೆ ಬೀಗ ಹಾಕಿಸಿದೆವು. ಸ್ಥಳವಿತ್ತು. ಬೆತ್ಲೆಹೇಮಿನ ಛತ್ರದ ಕಥೆಯನ್ನು ಪ್ರತಿ ಕ್ರಿಸ್ತಜಯಂತಿಗೆ ಬೋಧಿಸುವ ನಮ್ಮ ನಾಲಿಗೆಯೇ ಆ ಮಾತನ್ನಾಡಿತ್ತು.

ಬೆಳಿಗ್ಗೆ ಬಲಿಪೂಜೆ ಅರ್ಪಿಸಿದಾಗ ಆ ಕುಟುಂಬವೆಲ್ಲ ಹುಲ್ಲಿನ ಮೇಲೆ ಮೊಣಕಾಲೂರಿತು. ಹೊರಡುವಾಗ ಮುದುಕಿ ಒಂದು ಚಿತ್ರ ಕೊಟ್ಟಳು. ಅದು ಸೆಫೆರಿನೊ ಹಿಮೆನೆಸ್ ಮಾಯಾ ಅವರದು. ಅದೇ ವರ್ಷ ಮೇ ೪ರಂದು ಜಗದ್ಗುರು ಎರಡನೆಯ ಜಾನ್ ಪೌಲರು ಅವರನ್ನು ಪುನೀತ ಪದವಿಗೇರಿಸಿದ್ದರು. ರೋಮಾ ಜನರಲ್ಲಿ ಆ ಪದವಿಗೇರಿದವರಲ್ಲಿ ಅವರೇ ಮೊದಲಿಗರು.

ಲೂರ್ದು ಮಾತೆಯ ದರ್ಶನ ಮಾಡಿ, ಪಿರೆನೀಸ್ ಪರ್ವತದ ಸುರಂಗವನ್ನು ದಾಟಿ, ಅವರು ಬಾಳಿದ ಸ್ಪೇನಿನ ಬರ್ಬಾಸ್ತ್ರೊ ಪಟ್ಟಣಕ್ಕೆ ಹೋದೆವು. ಓದು ಬರಹ ಅರಿಯದ ಅವರು ಕುದುರೆ, ಹೇಸರಗತ್ತೆಗಳ ವ್ಯಾಪಾರಿ. ಮಕ್ಕಳಿಗೆ ಜಪಗಳನ್ನು ಕಲಿಸುತ್ತಿದ್ದವರು. ೧೯೩೬ರ ಅಂತರ್ಯುದ್ಧದಲ್ಲಿ ಬೀದಿಯಲ್ಲಿ ಎಳೆದೊಯ್ಯುತ್ತಿದ್ದ ಗುರುವೊಬ್ಬರ ಪರವಾಗಿ ದನಿಯೆತ್ತಿದ್ದಕ್ಕೆ ಸೆರೆಯಾದರು. ಜೇಬಿನಲ್ಲಿ ಜಪಸರ ಸಿಕ್ಕಿತು. ಅದನ್ನು ಬಿಟ್ಟುಕೊಟ್ಟರೆ ಪ್ರಾಣ ಉಳಿಯುತ್ತಿತ್ತು, ಅವರು ಬಿಡಲಿಲ್ಲ. ಆ ಆಗಸ್ಟಿನಲ್ಲಿ ಗುಂಡಿಗೆ ಬಲಿಯಾದರು. ಸಾಮೂಹಿಕ ಗುಂಡಿಯಲ್ಲಿ ಹೂಳಲ್ಪಟ್ಟ ಅವರಿಗೆ ಪ್ರತ್ಯೇಕ ಸಮಾಧಿಯಿಲ್ಲ. ಯಾರನ್ನು ಬಾಗಿಲಲ್ಲೇ ತಡೆಯುತ್ತೇವೆಯೋ ಅಂಥವರಲ್ಲೊಬ್ಬರು ಗುರುವಿಗಾಗಿ ಪ್ರಾಣ ತೆತ್ತರು.

ಪ್ರಿಯರೇ, ನಾವು ಫಾತಿಮಾವನ್ನೂ ಕಂಡು ಹಿಂದಿರುಗಿದೆವು. ಆದರೆ ನಮ್ಮ ಯಾತ್ರೆ ಆ ರಸ್ತೆಯ ಬದಿಯಲ್ಲೇ ಸಾರ್ಥಕವಾಗಿತ್ತು. ಇಂದು ನಮ್ಮ ದೇವಾಲಯದ ಗೋಡೆಯಾಚೆ, ಕಟ್ಟಡದ ಕೆಲಸಕ್ಕೆ ದೂರದೂರುಗಳಿಂದ ಬಂದವರು ಟಾರ್ಪಾಲಿನ ಕೆಳಗೆ ಮಲಗುತ್ತಾರೆ. ನಮಗೆ ಗುಡಾರ ಒಂದು ತಿಂಗಳ ಮಾತು. ಅವರಿಗೆ ಅದೇ ಮನೆ. ಶತಮಾನೋತ್ಸವದ ನೆನಪಿಗೆ ಏನು ಕಟ್ಟೋಣವೆಂದು ತಾವು ಕೇಳುತ್ತಿದ್ದೀರಿ. ನಮ್ಮ ಬೇಡಿಕೆ ಚಿಕ್ಕದು. ಗೇಟಿನ ಹೊರಗೆ ಒಂದು ನಲ್ಲಿ ಹಾಕಿಸೋಣ. ಮಳೆಯ ರಾತ್ರಿಗಳಲ್ಲಿ ಜಗಲಿಯ ದೀಪ ಉರಿಯಲಿ, ಗೇಟಿನ ಬೀಗ ತೆರೆದಿರಲಿ. ಒಮ್ಮೆ ಬೀಗ ಹಾಕಿಸಿದ ಕೈಯೇ ಇಂದು ಅದನ್ನು ತೆರೆಯಬೇಕೆಂದು ತಮ್ಮನ್ನು ಬೇಡುತ್ತಿದೆ.